ಅಮ್ಮ ತನ್ನ ಹೆಸರು ಹೇಳಿದ ಬೆಳಿಗ್ಗೆ

ಅಮ್ಮ ಒಬ್ಬಳೇ ಯೂರೋಪ್ ಸುತ್ತಿದ್ದು ತೊಂಬತ್ತರ ದಶಕದ ನಡುವಿನಲ್ಲಿ, ಅವಳಿಗೆ ಅರವತ್ತೊಂದು ತುಂಬಿದ ವರ್ಷ. ಸುತ್ತಿದ್ದು ಅವಳು, ಸುಸ್ತಾಗಿದ್ದು ಅಮೆರಿಕದಲ್ಲಿ, ಫೇರ್‌ಫ್ಯಾಕ್ಸ್‌ನ ಟೌನ್‌ಹೌಸಿನ ಅಡುಗೆಮನೆಯಲ್ಲಿ ಫೋನಿನ ಪಕ್ಕ ಕೂತಿದ್ದ ನಾನು. ಈಗಲೂ ಯಾರಾದರೂ "ನಿಮ್ಮ ತಾಯಿ ಎಂಥಾ ಧೈರ್ಯಸ್ಥೆ ರೀ" ಅಂದರೆ ಹೂಂ ಅಂದು ಮಾತು ಬದಲಾಯಿಸುತ್ತೇನೆ. ಆ ಪ್ರವಾಸದಲ್ಲಿ ನನ್ನದೂ ಒಂದು ಪಾಲಿದೆ. ಅದನ್ನು ಇಷ್ಟು ವರ್ಷ ಯಾರಿಗೂ ನೆಟ್ಟಗೆ ಹೇಳಿಲ್ಲ.

ಅಮ್ಮ ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್ ಆಗಿದ್ದವಳು. ಎಸ್‌ಟಿಡಿ ಬರುವುದಕ್ಕೆ ಮುಂಚೆ ಬೇರೆ ಊರಿಗೆ ಮಾತಾಡಬೇಕಾದರೆ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತಲ್ಲ, ಆಗ ಕೊನೆಗೊಮ್ಮೆ "ಲೈನ್ ಬಂದಿದೆ, ಮಾತಾಡಿ" ಅನ್ನುತ್ತಿದ್ದ ಹೆಂಗಸರಲ್ಲಿ ಒಬ್ಬಳು. ನಾನು ಕಾಲೇಜಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡರು. ಅಮ್ಮ ತಲೆಗೆ ಹೆಡ್‌ಫೋನ್ ಹಾಕಿಕೊಂಡೇ ನನ್ನನ್ನು ಓದಿಸಿದಳು, ಮದುವೆ ಮಾಡಿದಳು, ವಿಮಾನ ಹತ್ತಿಸಿದಳು. ರಿಟೈರ್ ಆದ ಮೇಲೆ ಚಿಕ್ಕಮ್ಮನ ಮನೆಯ ಮಹಡಿಯ ಮೇಲೆ ಎರಡು ಕೋಣೆ ಹಿಡಿದುಕೊಂಡು, ಬೆಳಿಗ್ಗೆ ವಾಕಿಂಗು, ಸಂಜೆ ಲೈಬ್ರರಿ ಅಂತ ಆರಾಮಾಗಿದ್ದಳು.

ಆ ವರ್ಷ ನಮ್ಮ ಜೊತೆ ಆರು ತಿಂಗಳು ಇರಲಿಕ್ಕೆ ಬಂದಳು. ಬಂದ ಎರಡನೇ ವಾರ, ನಾನು ಡ್ರೈಯರ್‌ನಿಂದ ಬಟ್ಟೆ ತೆಗೆದು ಮಡಿಸುತ್ತಿದ್ದಾಗ, ಉಪ್ಪಿಟ್ಟಿಗೆ ರವೆ ಹುರಿಯುತ್ತಾ ಹೇಳಿದಳು.

"ವಾಪಸ್ ಹೋಗೋವಾಗ ನೇರ ಹೋಗಲ್ಲ ಕಣೆ. ದಾರೀಲಿ ಯೂರೋಪ್ ನೋಡ್ಕೊಂಡು ಹೋಗ್ತೀನಿ."

"ಯಾರ ಜೊತೆ?"

"ನನ್ನ ಜೊತೆ."

ನಾನು ನಕ್ಕೆ. ಅವಳು ನಗಲಿಲ್ಲ. ಟಿಕೆಟ್ ತೆಗೆಸುವಾಗಲೇ ಹಿಂತಿರುಗುವ ದಾರಿಯಲ್ಲಿ ಪ್ಯಾರಿಸ್‌ನಲ್ಲಿ ಇಳಿದು ರೋಮ್‌ನಿಂದ ಹತ್ತುವ ಹಾಗೆ ಮಾಡಿಸಿಕೊಂಡು ಬಂದಿದ್ದಳು. ಮಧ್ಯದ ನಲವತ್ತೊಂದು ದಿನ ರೈಲು. ಎಲ್ಲಿ ಬೇಕಾದರೂ ಹತ್ತಿ ಎಲ್ಲಿ ಬೇಕಾದರೂ ಇಳಿಯುವ ಪಾಸ್ ಸಿಗುತ್ತದೆ ಅನ್ನುವುದನ್ನೂ ಮೈಸೂರಿನಲ್ಲೇ ಓದಿ ತಿಳಿದುಕೊಂಡಿದ್ದಳು.

"ಟೂರ್ ಗ್ರೂಪಿಗೆ ಸೇರಿಸ್ತೀನಿ. ವೆಜಿಟೇರಿಯನ್ ಊಟ ಎಲ್ಲಾ ಅವರೇ ಅರೇಂಜ್ ಮಾಡ್ತಾರೆ," ಅಂದೆ.

"ಕುರಿ ಇಳಿಸಿದ ಹಾಗೆ ಬಸ್ಸಿಂದ ಇಳಿಸಿ, ಹತ್ತು ನಿಮಿಷಕ್ಕೆ ಮತ್ತೆ ಹತ್ತಿಸ್ತಾರೆ. ಬೇಡ. ಮೂವತ್ತೊಂದು ವರ್ಷ ಕೂತಲ್ಲೇ ಕೂತು ಎಲ್ಲಾ ಊರಿಗೂ ಲೈನ್ ಕೊಟ್ಟಿದೀನಿ. ಕಿವಿ ಎಲ್ಲಾ ಕಡೆ ಹೋಗಿ ಬಂದಿದೆ, ಕಾಲು ಎಲ್ಲೂ ಹೋಗಿಲ್ಲ."

ಜಗಳವಾಡಿದೆ, ಅತ್ತುಬಿಟ್ಟೆ. ಭಾಷೆ ಬರುವುದಿಲ್ಲ, ಕಳ್ಳರಿದ್ದಾರೆ, ಚಳಿ, ಬಿದ್ದುಗಿದ್ದರೆ ಏನು ಗತಿ ಅಂತ ಒಂದೊಂದೇ ಹೆದರಿಕೆ ಅವಳ ಮುಂದೆ ಸುರಿದೆ. ಎಲ್ಲವನ್ನೂ ಕೇಳಿಸಿಕೊಂಡು ಉಪ್ಪಿಟ್ಟು ಬಡಿಸಿದಳು. ನನ್ನ ಗಂಡನಂತೂ ಅವಳ ಪಾರ್ಟಿ. "ಅತ್ತೆ, ವಿಯೆನ್ನಾ ನೋಡೋಕೆ ಅಷ್ಟು ದೂರ ಯಾಕೆ ಹೋಗ್ತೀರಿ, ನಮ್ಮ ಮೆಟ್ರೋ ಸ್ಟೇಷನ್ ಹೆಸರೇ ವಿಯೆನ್ನಾ ಅಲ್ವಾ," ಅಂತ ಅವಳನ್ನು ನಗಿಸುತ್ತಿದ್ದರು. ಅದೇ ಸ್ಟೇಷನ್ನಿನಲ್ಲಿ ಆರೆಂಜ್ ಲೈನ್ ಹತ್ತಿ, ಅಮ್ಮ ಒಬ್ಬಳೇ ವಾಷಿಂಗ್‌ಟನ್ನಿಗೆ ಹೋಗಿ, ಒಂದೊಂದು ದೇಶದ ಎಂಬಸಿ ಮುಂದೂ ಸಾಲಿನಲ್ಲಿ ನಿಂತು ವೀಸಾ ಹಾಕಿಸಿಕೊಂಡು ಬಂದಳು.

ಜೊತೆಗೆ ನಾನೇ ಹೋಗಬಹುದಿತ್ತಲ್ಲ ಅಂತ ಈಗ ಕೇಳುವವರಿದ್ದಾರೆ. ಹೋಗುವ ಹಾಗಿರಲಿಲ್ಲ. ನಾವು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿಕೊಂಡು ಕೂತಿದ್ದೆವು. ಮುಂಚೆಯೇ ಅನುಮತಿ ಪತ್ರ ಪಡೆಯದೆ ದೇಶ ಬಿಟ್ಟರೆ ಅರ್ಜಿಯೇ ಬಿದ್ದುಹೋಗುತ್ತದೆ ಅಂತ ಲಾಯರು ಗಿಣಿಗೆ ಹೇಳಿದ ಹಾಗೆ ಹೇಳಿದ್ದರು. ಆ ಪತ್ರ ಬರಲಿಕ್ಕೇ ತಿಂಗಳುಗಳು ಬೇಕು. ಆಗ ನಮ್ಮ ಹಾಗೆ ಎಷ್ಟೋ ಜನ ಅಣ್ಣನ ಮದುವೆಗೆ ಹೋಗಲಿಲ್ಲ, ಅಜ್ಜಿ ಸತ್ತರೆ ಹೋಗಲಿಲ್ಲ. ಕೈಕಾಲು ನೆಟ್ಟಗಿದ್ದೂ ಕಟ್ಟಿಹಾಕಿದ ಹಾಗೆ ಇದ್ದೆವು.

ಫೋನಿನ ಉಪಾಯ ಅಮ್ಮನದೇ. ಅವಳ ಕಾಲದಲ್ಲಿ ಪಿಪಿ ಕಾಲ್ ಅಂತ ಇತ್ತು. ಇಂಥವರೇ ಬೇಕು ಅಂತ ಹೆಸರು ಕೊಟ್ಟು ಬುಕ್ ಮಾಡುವುದು. ಆ ಕಡೆ ಅವರಿಲ್ಲದಿದ್ದರೆ ಪೂರ್ತಿ ಚಾರ್ಜು ಬೀಳುತ್ತಿರಲಿಲ್ಲ. ಜನ ಇದನ್ನೇ ಹಿಡಿದುಕೊಂಡು, ಹೆರಿಗೆಯಾದರೆ ಇಲ್ಲದ ಮನುಷ್ಯರ ಹೆಸರಿಗೆ ಕಾಲ್ ಮಾಡುತ್ತಿದ್ದರಂತೆ. ಗಂಡಸಿನ ಹೆಸರು ಕೇಳಿದರೆ ಗಂಡು ಮಗು, ಹೆಂಗಸಿನ ಹೆಸರಾದರೆ ಹೆಣ್ಣು. ಆ ಕಡೆಯವರು "ಅವರು ಊರಲ್ಲಿಲ್ಲ" ಅಂತ ಖುಷಿ ತಡೆಯಲಾರದೆ ಹೇಳಿ ಫೋನ್ ಇಡುತ್ತಿದ್ದರು. ನಡುವೆ ಕೂತ ಅಮ್ಮನಿಗೆ ಎಲ್ಲಾ ಗೊತ್ತಾಗುತ್ತಿತ್ತು, ಗೊತ್ತಿಲ್ಲದವಳ ಹಾಗೆ ಲೈನ್ ಕಟ್ ಮಾಡುತ್ತಿದ್ದಳು.

ಅದನ್ನೇ ಇಲ್ಲಿ, ಫೋನ್ ಎತ್ತಿದವರೇ ದುಡ್ಡು ಕೊಡುವ ಕಲೆಕ್ಟ್ ಕಾಲಿಗೆ ಹೊಂದಿಸಿದಳು. ಯೂರೋಪಿನ ಪ್ರತಿ ದೇಶದಿಂದಲೂ ಅಮೆರಿಕದ ಆಪರೇಟರಿಗೆ ಬಿಟ್ಟಿಯಾಗಿ ಫೋನ್ ಮಾಡುವ ನಂಬರಿರುತ್ತಿತ್ತು. ಆಪರೇಟರು ಹೆಸರು ಕೇಳಿ ನಮ್ಮ ಮನೆಗೆ ಫೋನ್ ಮಾಡಿ, "ಇಂಥವರ ಕಲೆಕ್ಟ್ ಕಾಲ್ ಇದೆ, ಚಾರ್ಜ್ ಒಪ್ಪಿಕೊಳ್ತೀರಾ?" ಅಂತ ಕೇಳುತ್ತಾರೆ. ಅಮ್ಮ ಹೆಸರಿನ ಜಾಗದಲ್ಲಿ ಊರಿನ ಹೆಸರು ಹೇಳಿ, ಅದರ ಮುಂದೆ ಕ್ಷೇಮ ಅಂತ ಸೇರಿಸುವುದು. ನಾನು ಬೇಡ ಅನ್ನುವುದು. ಇಬ್ಬರಿಗೂ ವಿಷಯ ಮುಟ್ಟಿತು.

"ನಾನು ಇಟ್ಟುಬಿಡಲ್ಲ, ನೀನು ಹೇಳೋವರೆಗೂ ಇರ್ತೀನಿ," ಅಂದಿದ್ದಳು. "ಆಪರೇಟರ್ ಕಟ್ ಮಾಡೋವರೆಗೂ ನಿನ್ನ ಧ್ವನಿ ನನಗೆ ಕೇಳಿಸುತ್ತೆ. ನಿನ್ನ 'ನೋ ಥ್ಯಾಂಕ್ಯೂ' ಕೇಳಿದರೆ ಸಾಕು, ಮಾತಾಡಿದ ಹಾಗೇ."

"ನಿಜವಾಗ್ಲೂ ಏನಾದ್ರೂ ಬೇಕಾದ್ರೆ?"

"ಆಗ ನನ್ನ ಹೆಸರೇ ಹೇಳ್ತೀನಿ. ಆಗ ಮಾತ್ರ ಎಸ್ ಅನ್ನು."

ವಾಷಿಂಗ್‌ಟನ್ನಿನ ಡಲ್ಲಸ್ ಏರ್‌ಪೋರ್ಟಿನಲ್ಲಿ ಅವಳನ್ನು ಬಿಡಲಿಕ್ಕೆ ಹೋದಾಗಲೂ ನಾನು ಮುಖ ಊದಿಸಿಕೊಂಡೇ ಇದ್ದೆ. ಅವಳು ವಾಯಿಲ್ ಸೀರೆ ಉಟ್ಟು, ಬಿಳೀ ಬೂಟು ಹಾಕಿ, ಮೇಲೆ ನನ್ನ ಹಳೇ ಕೋಟು ಹೊದ್ದಿದ್ದಳು. ಬ್ಯಾಗಿನಲ್ಲಿ ಹುರಿದ ಅವಲಕ್ಕಿ, ಚಟ್ನಿಪುಡಿ, ನೀರು ಕಾಯಿಸುವ ಒಂದು ಕಾಯಿಲ್. ನಾನು ನೂರು ಸಲ ಕೇಳಿದ ಪ್ರಶ್ನೆಯನ್ನೇ ಇನ್ನೊಂದು ಸಲ ಕೇಳಿದೆ. ಅವಳು ನನ್ನ ಕೆನ್ನೆ ಸವರಿ ಒಳಗೆ ನಡೆದಳು. ತಿರುಗಿ ನೋಡಲಿಲ್ಲ.

ಎರಡನೇ ದಿನ ಬೆಳಿಗ್ಗೆ ಏಳು ಗಂಟೆಗೆ ಫೋನ್ ಬಂತು. "ಮಿಸೆಸ್ ಪ್ಯಾರಿಸ್..." ಅಂದು ಆಪರೇಟರಮ್ಮ ತಡವರಿಸಿ, ಕ್ಷೇಮವನ್ನು ಹೇಗೋ ಹಲ್ಲಿನ ಸಂದಿಯಿಂದ ಹೊರಗೆ ಹಾಕಿದಳು. ನನಗೆ ನಗು, ಅಳು ಎರಡೂ ಬಂತು. "ನೋ, ಥ್ಯಾಂಕ್ಯೂ," ಅಂದೆ. ಆ ಕಡೆ ಯಾರೋ ಸಣ್ಣಗೆ ಕೆಮ್ಮಿದ್ದು ಕೇಳಿಸಿತು. ಅಮ್ಮನ ಕೆಮ್ಮು.

ಆಮೇಲೆ ದಿನ ಬಿಟ್ಟು ದಿನ. ಮಿಸೆಸ್ ಬ್ರಸೆಲ್ಸ್ ಕ್ಷೇಮ, ಮಿಸೆಸ್ ಆಮ್‌ಸ್ಟರ್‌ಡ್ಯಾಂ ಕ್ಷೇಮ, ಮಿಸೆಸ್ ಕಲೋನ್ ಕ್ಷೇಮ. ಯಾವಾಗಲೂ ಅದೇ ಏಳು ಗಂಟೆ, ನಾನು ಲಂಚ್ ಡಬ್ಬಿ ಕಟ್ಟುವ ಹೊತ್ತು. ಭುಜಕ್ಕೂ ಕಿವಿಗೂ ನಡುವೆ ಫೋನ್ ಒತ್ತಿಕೊಂಡು "ನೋ, ಥ್ಯಾಂಕ್ಯೂ" ಅಂದು, ಚಪಾತಿ ಸುತ್ತುವುದು ಮುಂದುವರಿಸುತ್ತಿದ್ದೆ. ಗಂಡ ಫ್ರಿಜ್ಜಿಗೆ ಯೂರೋಪಿನ ಮ್ಯಾಪ್ ಅಂಟಿಸಿ, ಅತ್ತೆ ಇದ್ದ ಊರಿಗೆಲ್ಲ ಕೆಂಪು ಚುಕ್ಕೆ ಇಡುತ್ತಿದ್ದರು. ಮ್ಯೂನಿಕ್ ಬರುವ ಹೊತ್ತಿಗೆ ಹೆದರಿಕೆ ಹೋಗಿ ನನಗೆ ಹೆಮ್ಮೆಯೇ ಶುರುವಾಗಿತ್ತು.

ಪಕ್ಕದ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿ, ಮನೆಗೊಂದು ಅಡುಗೆ ತರುವ ಪಾಟ್‌ಲಕ್ ಊಟ. ಬಾಗಲಕೋಟೆ ಕಡೆಯ ಡಾಕ್ಟರ್ ಅಂಕಲ್ ಒಬ್ಬರ ಮನೆ. ಬೇಸ್‌ಮೆಂಟಿನಲ್ಲಿ ಎಲ್ಲರೂ ತಟ್ಟೆ ಹಿಡಿದು ನಿಂತಿದ್ದಾಗ ಅಂಕಲ್ ನನ್ನ ಕೇಳಿದರು. "ಏನವಾ, ನಿಮ್ಮವ್ವ ಈಗ ಯಾವ ದೇಶದಾಗ ಅದಾರ?"

"ನಿನ್ನೆವರೆಗೂ ಜರ್ಮನಿ. ಇವತ್ತು ಗೊತ್ತಿಲ್ಲ ಅಂಕಲ್," ಅಂದೆ, ದೊಡ್ಡ ಜಂಬದಿಂದ. ಹೆಂಗಸರೆಲ್ಲಾ ಬಾಯಿ ಬಿಟ್ಟುಕೊಂಡು ನೋಡಿದರು. ಕಲೆಕ್ಟ್ ಕಾಲಿನ ಉಪಾಯ ಹೇಳಿದಾಗ ಇಡೀ ಬೇಸ್‌ಮೆಂಟು ನಕ್ಕಿತು. ಒಬ್ಬ ಆಂಟಿಯಂತೂ ತಾನೂ ಇದನ್ನೇ ಮಾಡುವುದಾಗಿ ಅಲ್ಲೇ ತೀರ್ಮಾನಿಸಿಬಿಟ್ಟರು.

ಅದಾದ ಎರಡನೇ ದಿನ, ಮಂಗಳವಾರ.

ಆ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಕಂಪನಿಯ ಗಿರಾಕಿಗಳ ಮುಂದೆ ನಾನು ಬರೆದ ಕಂಪ್ಯೂಟರ್ ಪ್ರೋಗ್ರಾಂ ಓಡಿಸಿ ತೋರಿಸಬೇಕಿತ್ತು. ಸರ್ಕಾರಿ ಕಾಂಟ್ರ್ಯಾಕ್ಟು, ಅಮ್ಮ ಹೊರಡುವ ಮುಂಚೆಯೇ ಅವಳಿಗೂ ಹೇಳಿದ್ದೆ. ಅದು ಕೈತಪ್ಪಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಗ್ರೀನ್ ಕಾರ್ಡ್ ಹೋಗುತ್ತದೆ ಅಂತ ವಾರದಿಂದ ನಿದ್ದೆಗೆಟ್ಟಿದ್ದೆ. ರೇಡಿಯೋದವನು ಬೆಲ್ಟ್‌ವೇ ಹೆದ್ದಾರಿಯ ಮೇಲೆ ಲಾರಿ ಮಗುಚಿಕೊಂಡಿದೆ ಅಂತ ಹೇಳುತ್ತಿದ್ದ. ಗಂಡ ಸ್ನಾನಕ್ಕೆ ಹೋಗಿದ್ದರು. ಕಾರಿನ ಕೀ ಸಿಗುತ್ತಿರಲಿಲ್ಲ. ಆಗ ಫೋನು.

ಆಪರೇಟರು ಅಮ್ಮನ ಹೆಸರು ಹೇಳಿದಳು. ಅಮ್ಮನ ಸ್ವಂತ ಹೆಸರು, ಅಪ್ಪನ ಹೆಸರಿನ ಸಮೇತ.

ಅವಸರದಲ್ಲಿ ಕಿವಿಗೊಡಲಿಲ್ಲ, ಅಭ್ಯಾಸಬಲದಿಂದ ನೋ ಥ್ಯಾಂಕ್ಯೂ ಅಂದುಬಿಟ್ಟೆ, ಫೋನ್ ಇಟ್ಟ ಮೇಲೆ ಹೆಸರು ಹೊಳೆಯಿತು ಅಂತ ಆಮೇಲೆ ಗಂಡನಿಗೆ ಹೇಳಿದೆ. ಅಂಕಲ್‌ಗೂ ಹಾಗೇ ಹೇಳಿದೆ. ಎಷ್ಟು ಸಲ ಹೇಳಿದೆನೆಂದರೆ ನಾನೇ ಅರ್ಧ ನಂಬಿದ್ದೆ. ಅದು ಸುಳ್ಳು. ಹೆಸರು ಸ್ಪಷ್ಟವಾಗಿ ಕೇಳಿಸಿತ್ತು. ಎದೆ ಧಸಕ್ಕೆಂದಿದ್ದೂ ನೆನಪಿದೆ. ಅದರ ಹಿಂದೆಯೇ, ಅರೆಕ್ಷಣವೂ ಬಿಡದೆ, ಸಿಟ್ಟು ಬಂತು. ನಾನು ಹೇಳಿರಲಿಲ್ಲವಾ, ಬೇಡ ಅಂತ ಬಡಕೊಂಡಿರಲಿಲ್ಲವಾ, ಇವತ್ತೇ ಆಗಬೇಕಿತ್ತಾ ಅಂತ. ಹೇಗಿದ್ದರೂ ಇನ್ನರ್ಧ ಗಂಟೆ ಬಿಟ್ಟು ಮತ್ತೆ ಮಾಡುತ್ತಾಳೆ, ಗಂಡ ತೆಗೆದುಕೊಳ್ಳುತ್ತಾರೆ ಅಂತಲೂ ಅನ್ನಿಸಿತು.

"ನಾಟ್ ನೌ," ಅಂದೆ. ಫೋನ್ ಇಟ್ಟೆ. ಕೀ ಮೈಕ್ರೋವೇವ್ ಮೇಲೇ ಇತ್ತು.

ಗಂಡನಿಗೆ ಬಾತ್‌ರೂಮಿನ ಬಾಗಿಲ ಹೊರಗಿಂದ "ಅಮ್ಮ ಮತ್ತೆ ಮಾಡಿದ್ರೆ ಆಕ್ಸೆಪ್ಟ್ ಮಾಡಿ" ಅಂತ ಕೂಗಿ ಹೊರಟೆ. ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಸಿಕ್ಕಿಹಾಕಿಕೊಂಡೆ. ಮುಂದೆ ನಿಂತ ಕಾರುಗಳ ಕೆಂಪು ದೀಪ ನೋಡುತ್ತಾ ಕೂತಾಗ ಸಿಟ್ಟು ಇಳಿದು ಭಯ ಶುರುವಾಯಿತು. ನಮ್ಮ ಹತ್ತಿರ ಆಗ ಸೆಲ್ ಫೋನ್ ಇರಲಿಲ್ಲ. ಪ್ರೋಗ್ರಾಂ ಹೇಗೋ ಓಡಿತು. ಯಾರೋ ಬೆನ್ನು ತಟ್ಟಿದರು. ಓಡಿ ಹೋಗಿ ಗಂಡನ ಆಫೀಸಿಗೆ ಫೋನ್ ಮಾಡಿದರೆ, "ನಾನು ಹೊರಡೋವರೆಗೂ ಯಾವ ಕಾಲೂ ಬರ್ಲಿಲ್ಲವಲ್ಲ. ಯಾಕೆ?" ಅಂದರು.

ಮಧ್ಯಾಹ್ನವೇ ರಜೆ ಹಾಕಿ ಮನೆಗೆ ಬಂದೆ. ಆನ್ಸರಿಂಗ್ ಮೆಷೀನು ಕಲೆಕ್ಟ್ ಕಾಲಿಗೆ ಎಸ್ ಅನ್ನುವುದಿಲ್ಲ, ಮನುಷ್ಯರೇ ಬೇಕು. ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಸಂಜೆಯಾಯಿತು. ಮಾರನೆಯ ದಿನ ಏಳು ಗಂಟೆಯಾಯಿತು, ಎಂಟಾಯಿತು. ಅದರ ಮಾರನೆಯ ದಿನವೂ ಅಷ್ಟೇ.

ಫೋನ್ ಕಂಪನಿಗೆ ಮಾಡಿದೆ. ಒಂದು ಗುಂಡಿ ಒತ್ತಿ, ಎರಡು ಗುಂಡಿ ಒತ್ತಿ, ಸಂಗೀತ ಕೇಳಿ, ಕೊನೆಗೆ ಸಿಕ್ಕಿದ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಒಪ್ಪಿಕೊಳ್ಳದ ಕಾಲಿಗೆ ದಾಖಲೆ ಇರುವುದಿಲ್ಲವಂತೆ. ಯಾವ ದೇಶದಿಂದ ಬಂತು ಅನ್ನುವುದಾದರೂ ಹೇಳಿ ಅಂದೆ. ಒಪ್ಪಿಕೊಂಡಿದ್ದರೆ ಹೇಳಬಹುದಿತ್ತು ಅಂದಳು. ನನಗೆ ಬೇಕಿದ್ದದ್ದು ಒಂದೇ ಒಂದು ದೇಶದ ಹೆಸರು, ಅದೂ ಸಿಗಲಿಲ್ಲ.

ಎಂಬಸಿಗಳಿಗೆ ಮಾಡಿದೆ. ನಿಮ್ಮ ತಾಯಿ ಯಾವ ಊರಲ್ಲಿದ್ದಾರೆ ಅಂದರು. ಗೊತ್ತಿಲ್ಲ. ಯಾವ ಹೋಟೆಲು? ಗೊತ್ತಿಲ್ಲ. ಎಷ್ಟು ದಿನದಿಂದ ಕಾಣೆಯಾಗಿದ್ದಾರೆ? ಕಾಣೆಯಾಗಿದ್ದಾಳೋ ಇಲ್ಲವೋ ಅದೂ ಗೊತ್ತಿಲ್ಲ. ನನ್ನ ಮಾತು ನನಗೇ ಹುಚ್ಚರ ಮಾತಿನ ಹಾಗೆ ಕೇಳಿಸುತ್ತಿತ್ತು. ಲಾಯರಿಗೂ ಮಾಡಿ ತುರ್ತಾಗಿ ದೇಶ ಬಿಡಬಹುದಾ ಅಂತ ಕೇಳಿದೆ. "ತುರ್ತು ಅನುಮತಿ ಪತ್ರಕ್ಕೆ ಹಾಕಬಹುದು, ಎಲ್ಲಿಗೆ ಹೋಗ್ತೀರಿ?" ಅಂದರು. ಅವರು ಕೇಳಿದ್ದು ಫಾರಂ ತುಂಬಲಿಕ್ಕೆ. ಆಮೇಲೆ ಮಾಡ್ತೀನಿ ಅಂದು ಫೋನ್ ಇಟ್ಟೆ.

ಗಂಡ ಇಂಟರ್ನೆಟ್ಟಿನಲ್ಲಿ ಏನಾದರೂ ನೋಡುತ್ತೇನೆ ಅಂತ ಮೋಡೆಮ್ ಹಚ್ಚಲು ಹೋದರೆ ಅವರ ಮೇಲೆ ಹಾರಿಬಿದ್ದೆ. ಅದು ಫೋನ್ ಲೈನ್ ಹಿಡಿದುಕೊಂಡುಬಿಡುತ್ತಿತ್ತು. ಎಲಿಕಾಟ್ ಸಿಟಿಯ ಅಂಕಲ್ ಫೋನ್ ಮಾಡಿ, "ಚಿಂತಿ ಮಾಡಬ್ಯಾಡವಾ, ಶಾಣ್ಯಾ ಹೆಣ್ಮಗಳದಾರ, ಎಲ್ಲೋ ಫೋನ್ ಸಿಕ್ಕಿರಂಗಿಲ್ಲ," ಅಂದರೆ, "ಅಂಕಲ್, ಲೈನ್ ಫ್ರೀ ಇರ್ಬೇಕು, ಇಡ್ತೀನಿ," ಅಂದು ಇಟ್ಟೆ. ಮೈಸೂರಿನಿಂದ ಚಿಕ್ಕಮ್ಮ ಮಾಡಿದಳು. "ಅಕ್ಕ ಹೇಗಿದ್ದಾಳಂತೆ?" ಅಂದಳು. "ಚೆನ್ನಾಗಿದ್ದಾಳೆ ಚಿಕ್ಕಮ್ಮ, ದಿನಾ ಫೋನ್ ಮಾಡ್ತಾಳೆ," ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಫೋನ್ ಇಟ್ಟ ಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ.

ಎಲ್ಲದಕ್ಕಿಂತ ಕೆಟ್ಟದ್ದು ಆ ಪೋಸ್ಟ್‌ಕಾರ್ಡುಗಳು. ಅಮ್ಮ ಹೋದ ಊರಿಂದೆಲ್ಲ ಒಂದೊಂದು ಹಾಕುತ್ತಿದ್ದಳು. ಅವು ಹತ್ತು ಹದಿನೈದು ದಿನ ತಡವಾಗಿ ಬರುತ್ತಿದ್ದವು. ಆ ವಾರವೇ ಮೂರು ಬಂದವು. ಒಂದರಲ್ಲಿ ಅವಳ ದುಂಡು ಅಕ್ಷರದಲ್ಲಿ, "ಇಲ್ಲಿಯ ಬ್ರೆಡ್ಡು ಕಲ್ಲಿನಂತಿದೆ. ಬೆಣ್ಣೆ ಸವರಿ ಚಟ್ನಿಪುಡಿ ಉದುರಿಸಿದರೆ ಪರವಾಗಿಲ್ಲ. ರೈಲಿನಲ್ಲಿ ಪಕ್ಕದಲ್ಲಿ ಕೂತ ಅಜ್ಜನೂ ಕೇಳಿ ತಿಂದ, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಕೇಳಿದ." ಇನ್ನೊಂದರಲ್ಲಿ, "ರೈನ್ ನದಿ ನೋಡಿದೆ. ಕಾವೇರಿಗಿಂತ ದೊಡ್ಡದು, ಆದರೆ ಒಬ್ಬರೂ ಬಟ್ಟೆ ಒಗೆಯುತ್ತಿಲ್ಲ, ಬಿಕೋ ಅನ್ನುತ್ತದೆ." ಮೂರನೆಯದರಲ್ಲಿ, "ಒಬ್ಬಳೇ ಇದ್ದೀನಿ ಅಂತ ಅನ್ನಿಸುವುದೇ ಇಲ್ಲ. ಎರಡು ದಿನಕ್ಕೊಮ್ಮೆ ನಿನ್ನ ನೋ ಕೇಳಿಸುತ್ತದಲ್ಲ."

ಆ ಕಾರ್ಡನ್ನು ಗಂಡನಿಗೆ ತೋರಿಸಲಿಲ್ಲ. ಡ್ರಾಯರಿನಲ್ಲಿ ಬಟ್ಟೆಯ ಕೆಳಗೆ ಇಟ್ಟೆ. ಅವರು ಒಂದು ಸಲವೂ ನನ್ನನ್ನು ಬೈಯಲಿಲ್ಲ. "ಅಭ್ಯಾಸ ಕಣೆ, ನಾನಾಗಿದ್ರೂ ಹಾಗೇ ಅಂದುಬಿಡ್ತಿದ್ದೆ," ಅಂತ ಸಮಾಧಾನ ಮಾಡುತ್ತಿದ್ದರು. ಇಲ್ಲ, ನನಗೆ ಕೇಳಿಸಿತ್ತು ಅಂತ ಹೇಳಲು ಎಷ್ಟೋ ಸಲ ಬಾಯಿ ತೆರೆದೆ. ಆಗಲಿಲ್ಲ. ಫ್ರಿಜ್ಜಿನ ಮೇಲಿನ ಮ್ಯಾಪಿನಲ್ಲಿ ಮ್ಯೂನಿಕ್‌ನ ಚುಕ್ಕೆಯೇ ಕೊನೆಯದು. ಅಲ್ಲಿಂದ ಯಾವ ಕಡೆಗೆ ಬೇಕಾದರೂ ರೈಲಿತ್ತು.

ಏಳನೇ ದಿನ, ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಫೋನ್ ಬಂತು. ಮೊದಲ ರಿಂಗು ಮುಗಿಯುವ ಮುಂಚೆ ಎತ್ತಿದೆ.

"ಮಿಸೆಸ್ ವೆನಿಸ್ ಕ್ಷೇಮ ಅವರ ಕಲೆಕ್ಟ್ ಕಾಲ್..."

"ಎಸ್! ಎಸ್! ಐ ಆಕ್ಸೆಪ್ಟ್! ಅಮ್ಮಾ, ಅಮ್ಮಾ!" ಅಂತ ಕಿರುಚಿದೆ. ಗಂಡ ಮಹಡಿಯಿಂದ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದರು.

"ಒಂದು ನಿಮಿಷ ಮ್ಯಾಮ್," ಅಂದಳು ಆಪರೇಟರು. ಆಮೇಲೆ, "ಸಾರಿ ಮ್ಯಾಮ್, ಅವರು ಫೋನ್ ಇಟ್ಟುಬಿಟ್ಟಿದ್ದಾರೆ."

ಬದುಕಿದ್ದಾಳೆ. ಆ ಒಂದು ಮಾತಿನಿಂದ ಮೈಯೆಲ್ಲ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ಗಂಡ ನನ್ನನ್ನು ಅಪ್ಪಿಕೊಂಡು, ಹೋಗಿ ವೆನಿಸ್‌ಗೆ ಚುಕ್ಕೆ ಇಟ್ಟರು. ನಾನು ಮಾತ್ರ ರಿಸೀವರ್ ಹಿಡಿದುಕೊಂಡೇ ನಿಂತಿದ್ದೆ. ಇಷ್ಟು ದಿನ ಅವಳು ನನ್ನ ಧ್ವನಿ ಕೇಳುವವರೆಗೂ ಇರುತ್ತಿದ್ದಳು. ಇವತ್ತು ಊರು ಹೇಳಿ, ಕ್ಷೇಮ ಅಂದು, ಕಾಯದೆ ಇಟ್ಟಿದ್ದಳು.

ಮುಂದಿನ ಎರಡು ವಾರ ಹೀಗೇ ನಡೆಯಿತು. ಫ್ಲಾರೆನ್ಸ್ ಬಂತು, ಪೀಸಾ ಬಂತು, ನೇಪಲ್ಸ್ ಬಂತು. ಪ್ರತಿ ಸಲವೂ ನಾನು ಎಸ್ ಎಸ್ ಅನ್ನುವುದು, ಆಪರೇಟರು ಸಾರಿ ಮ್ಯಾಮ್ ಅನ್ನುವುದು. ಕಲೆಕ್ಟ್ ಕಾಲಿಗೆ ಎಸ್ ಅನ್ನಲು ಹಾತೊರೆಯುತ್ತಿದ್ದ ಒಬ್ಬಳೇ ಒಬ್ಬ ದೇಸಿ ಹೆಂಗಸು ಇಡೀ ವರ್ಜೀನಿಯಾದಲ್ಲಿ ನಾನೇ ಇದ್ದಿರಬೇಕು. ಒಂದು ಸಲ ಆಪರೇಟರ ಹತ್ತಿರ ಗೋಗರೆದೆ. ಮುಂದಿನ ಸಲ ನಿಮ್ಮಲ್ಲಿ ಯಾವ ಆಪರೇಟರು ತೆಗೆದುಕೊಂಡರೂ ದಯವಿಟ್ಟು ಆಕೆಗೆ ಲೈನ್‌ನಲ್ಲೇ ಇರಲು ಹೇಳಿ, ನಾನು ಅವರ ಮಗಳು, ಮಾತಾಡಲೇಬೇಕು ಅಂದೆ. ಆ ಆಪರೇಟರು ವಯಸ್ಸಾದವಳು ಅನ್ನಿಸುತ್ತದೆ, ದಕ್ಷಿಣದ ಕಡೆಯ ಎಳೆದಾಡುವ ಮಾತು. ಅವಳು ಹೇಳಿದಳು.

"ನಾನೇ ಇರಿ ಅಂತ ಹೇಳಿದೆ ಕಣಮ್ಮ. ಬೇಡ, ನನ್ನ ಮಗಳು ಬ್ಯುಸಿ ಇರ್ತಾಳೆ ಅಂದ್ರು."

ರೋಮ್‌ನಿಂದ ಹೊರಟು ಮೈಸೂರು ಸೇರಿದ ಮೇಲೆ ಅಮ್ಮ ಫೋನಿನಲ್ಲಿ ಸಿಕ್ಕಳು. ನಾನೇ ಮಾಡಿದೆ. ಅವಳ ಧ್ವನಿಯಲ್ಲಿ ಖುಷಿ ತುಂಬಿತ್ತು. ಎಲ್ಲಾ ಚೆನ್ನಾಗಿತ್ತು, ಕಾಲು ಸವೆಯುವಷ್ಟು ತಿರುಗಿದೆ ಅಂದಳು. ನಾನು, "ಅಮ್ಮ, ಅವತ್ತು ನಿನ್ನ ಹೆಸರು ಹೇಳಿದ್ಯಲ್ಲ, ನಾನು ಅವಸರದಲ್ಲಿ, ಅಭ್ಯಾಸ ಬಿದ್ದು..." ಅಂದೆ.

"ಆಗುತ್ತೆ ಬಿಡು," ಅಂದಳು. "ನಿನ್ನ ಪ್ರೋಗ್ರಾಂ ಏನಾಯ್ತು? ಚೆನ್ನಾಗಾಯ್ತಾ?"

ತಿಂಗಳ ಮೇಲೆ ಫೋಟೋಗಳ ಕವರು ಬಂತು. ದಾರಿಹೋಕರ ಕೈಲಿ ತೆಗೆಸಿಕೊಂಡವು, ಕೆಲವಕ್ಕೆ ತಲೆಯಿಲ್ಲ, ಕೆಲವಕ್ಕೆ ಕಾಲಿಲ್ಲ. ಮ್ಯೂನಿಕ್‌ವರೆಗೂ ಎರಡೂ ಕೈ ಸೊಂಟದ ಮೇಲಿಟ್ಟು ಜೋರಾಗಿ ನಿಂತಿದ್ದಾಳೆ. ವೆನಿಸ್ಸಿನ ಫೋಟೋದಲ್ಲಿ ನೀರಿನ ಪಕ್ಕ ನಿಂತು ನಗುತ್ತಿದ್ದಾಳೆ, ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರು. ಸೀರೆ ಸೆರಗನ್ನೇ ಜೋಲಿ ಮಾಡಿ ಕೈ ತೂಗುಹಾಕಿಕೊಂಡಿದ್ದಾಳೆ. ಆ ಕೈಯಲ್ಲಿ ಅವಳು ಸೀರೆ ಹೇಗೆ ಉಟ್ಟಳೋ, ಚೀಲ ಹೇಗೆ ಹೊತ್ತಳೋ, ಎಷ್ಟು ರೈಲು ಹತ್ತಿ ಇಳಿದಳೋ. ಫೋನ್ ಮಾಡಿ ಕೇಳಿದೆ. "ಅದಾ? ಜಾರಿಬಿದ್ದೆ. ವಾಸಿಯಾಯ್ತಲ್ಲ," ಅಂದಳು. ಅಷ್ಟೇ.

ಗ್ರೀನ್ ಕಾರ್ಡ್ ಬರಲು ಇನ್ನೂ ಎರಡು ವರ್ಷ ಹಿಡಿಯಿತು. ಬಂದ ತಿಂಗಳೇ ಮೈಸೂರಿಗೆ ಹೋದೆ. ಬಾಗಿಲು ತೆರೆದ ಅಮ್ಮ ಕಪ್ಪು ಕನ್ನಡಕ ಹಾಕಿದ್ದಳು. ಸ್ಟೈಲ್ ಮಾಡ್ತಿದ್ದೀಯಾ ಅಂತ ಛೇಡಿಸಿದೆ. ಕೆಳಗೆ ಕಾಫಿ ಕುಡಿಯುವಾಗ ಚಿಕ್ಕಮ್ಮ ಹೇಳಿದ ಮೇಲೆ ಗೊತ್ತಾಯಿತು, ಎರಡೂ ಕಣ್ಣಿಗೆ ಪೊರೆ ತೆಗೆಸಿಕೊಂಡಿದ್ದಳು. ಒಂದು ಕಣ್ಣಿಗೆ ಕಳೆದ ವರ್ಷ, ಇನ್ನೊಂದಕ್ಕೆ ಮೂರು ವಾರದ ಹಿಂದೆ. ಈ ಮಧ್ಯೆ ನಾನು ಪ್ರತಿ ಭಾನುವಾರ ಫೋನ್ ಮಾಡಿದ್ದೆ. ಪ್ರತಿ ಭಾನುವಾರವೂ ಅವಳು ಕ್ಷೇಮವಾಗಿದ್ದಳು.

ಮಹಡಿಗೆ ಹತ್ತಿ ಹೋಗಿ ಅವಳ ಮಂಚದ ಮೇಲೆ ಕೂತೆ. "ಯಾಕಮ್ಮ ಹೇಳ್ಲಿಲ್ಲ?" ಅಂದೆ.

"ಹೇಳಿ ಏನು ಮಾಡೋದು? ಚಿಕ್ಕಮ್ಮ ಇದ್ದಳು. ಅರ್ಧ ದಿನದ ಕೆಲಸ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವಳ ಬಲಗೈ ಹಿಡಿದುಕೊಂಡೆ. ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. "ಇದಾದ ದಿನ ಏನಾಯ್ತು? ಇವತ್ತಾದ್ರೂ ಹೇಳು," ಅಂದೆ.

ಹೇಳಿದಳು. ಆಸ್ಟ್ರಿಯಾದಲ್ಲಿ ರೈಲಿಂದ ಇಳಿಯುವಾಗ ಸೆರಗು ಸಿಕ್ಕಿಕೊಂಡು ಬಿದ್ದಳಂತೆ. ಸ್ಟೇಷನ್ನಿನವರೇ ಆಸ್ಪತ್ರೆಗೆ ಸೇರಿಸಿದರಂತೆ. ಮೂಳೆ ಎರಡು ಕಡೆ ಮುರಿದಿದೆ, ಅರಿವಳಿಕೆ ಕೊಟ್ಟು ಕೂಡಿಸಬೇಕು ಅಂದರು. ವಯಸ್ಸಾಗಿದೆ, ಒಬ್ಬರೇ ಇದ್ದೀರಿ, ಮನೆಯವರು ಯಾರಿಗಾದರೂ ಒಂದು ಮಾತು ಹೇಳಿ ಅಂತ ನರ್ಸ್ ಹುಡುಗಿಯೊಬ್ಬಳು ಗಾಲಿಕುರ್ಚಿಯಲ್ಲಿ ಕೂರಿಸಿ ಫೋನಿನ ಹತ್ತಿರ ತಳ್ಳಿಕೊಂಡು ಹೋದಳು. ಅಮ್ಮನ ಕೈ ಏಳುತ್ತಿರಲಿಲ್ಲ. ಆ ಹುಡುಗಿಯೇ ರಿಸೀವರನ್ನು ಅವಳ ಕಿವಿಗೆ ಹಿಡಿದಿದ್ದಳು.

"ಭಯ ಆಯ್ತಾ?" ಅಂದೆ.

"ಆಯ್ತು. ಮತ್ತೆ ಎಚ್ಚರ ಆಗದೇ ಇದ್ರೆ ಅಂತ. ಅದಕ್ಕೇ ಒಂದು ಸಲ ಮಾತಾಡೋಣ ಅನ್ನಿಸ್ತು. ಆಮೇಲೆ ಆ ಹುಡುಗಿ, ಏನಂದ್ರು ಮನೆಯವರು ಅಂತ ಕೇಳಿದಳು. ಲೈನ್ ಸಿಗ್ಲಿಲ್ಲ ಅಂದೆ. ಎಡಗೈಯಲ್ಲಿ ಸಹಿ ಹಾಕಿದೆ, ಕರ್ಕೊಂಡು ಹೋದ್ರು."

"ಲೈನ್ ಸಿಕ್ಕಿತ್ತಮ್ಮ," ಅಂದೆ. "ನಂಗೆ ನಿನ್ನ ಹೆಸರು ಕೇಳಿಸಿತ್ತು."

"ಗೊತ್ತು. ನಾಟ್ ನೌ ಅಂದೆಯಲ್ಲ." ಅಮ್ಮ ಕೈ ಬಿಡಿಸಿಕೊಂಡು ನನ್ನ ತಲೆ ನೇವರಿಸಿದಳು. "ಅದನ್ನ ಆ ಹುಡುಗಿಗೆ ಹೇಗೆ ಹೇಳ್ಲಿ? ಮಗಳು ಈಗ ಬೇಡ ಅಂದಳು ಅಂತ ಹೊರಗಿನವರ ಮುಂದೆ ಹೇಳಕ್ಕಾಗುತ್ತಾ?"

ಅವಳು ಗಡಿಯಾರ ನೋಡಿ, ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುವ ಹೊತ್ತಾಯಿತು ಅಂತ ಎದ್ದಳು. ಓಡಿ ಹೋಗಿ ಕಿಟಕಿಯ ಮೇಲಿದ್ದ ಬಾಟಲಿ ತೆಗೆದುಕೊಂಡೆ. "ಕೂತ್ಕೋ ಅಮ್ಮ, ನಾನು ಹಾಕ್ತೀನಿ," ಅಂದೆ.

"ಬೇಡ ಕಣೆ, ನನಗೆ ಅಭ್ಯಾಸ ಆಗಿದೆ," ಅಂದು, ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಆ ಸೊಟ್ಟ ಕೈಯಿಂದಲೇ ಒಂದು ಹನಿಯೂ ಆಚೆ ಬೀಳದ ಹಾಗೆ ಕಣ್ಣಿಗೆ ತಾನೇ ಹಾಕಿಕೊಂಡಳು.